ಹಿಂದೆ ಕೂತ ದನಿ

ಮೊನ್ನೆ ನೆಗಡಿಯಾಗಿ ಕಾಳುಮೆಣಸು ಜಜ್ಜಿ, ಬೆಲ್ಲ ಹಾಕಿ ಕಷಾಯಕ್ಕಿಟ್ಟಿದ್ದೆ. ಕುದಿ ಬಂದು ಘಾಟು ಮೂಗಿಗೆ ಹತ್ತಿದ್ದೇ ತಡ, ಗೋಣಿಕೊಪ್ಪಲಿನ ಸಂಗೀತ ಟೀಚರ್ ನೆನಪಾದರು. ಅವರ ಮನೆಯ ಗೋಡೆಗಳಿಗೂ ಆ ವಾಸನೆ ಹಿಡಿದಿತ್ತು. ತೀರಿಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಹಾಗಾದರೆ ಅದನ್ನು ಮೊದಲು ಮುಗಿಸಿಬಿಡುತ್ತೇನೆ. ಬಹಳ ಚೆನ್ನಾಗಿ ಹಾಡುತ್ತಿದ್ದರು.

ಅರ್ಚಕರ ಮನೆಯ ಮಗಳು. ಮೈಸೂರಿನಲ್ಲಿ ಕಲಿತು, ರೇಡಿಯೊದಲ್ಲಿ ಹಾಡಿ, ಸರ್ಕಾರಿ ನೌಕರಿಯ ಗಂಡನ ಜೊತೆ ನಮ್ಮೂರಿಗೆ ಬಂದವರು. ಗಂಡ ಬೇಗ ಹೋದರು, ಹಾಡು ನಿಲ್ಲಲಿಲ್ಲ. ವಿರಾಜಪೇಟೆ, ಮಡಿಕೇರಿ, ಕುಶಾಲನಗರ, ಎಲ್ಲೇ ಹಬ್ಬವಾಗಲಿ, ಅವರ ಸಂಗೀತ ಕಚೇರಿ ಇರಲೇಬೇಕು. ನಮ್ಮಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಮಗಳು ನಾಲ್ಕು ಕೀರ್ತನೆ ಕಲಿಯಲಿ ಎಂದು ನನ್ನನ್ನು ಅವರಲ್ಲಿ ಸೇರಿಸಿದರು. ಒಂದು ವಾರ ಕೇಳಿದ ಟೀಚರ್, ನನ್ನ ಕಂಠ ತೋಟದಲ್ಲಿ ಮಂಗ ಓಡಿಸುವುದಕ್ಕೆ ಹೇಳಿ ಮಾಡಿಸಿದ್ದು ಎಂದು ಎಲ್ಲರೆದುರು ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತದ್ದು ಮನೆಗೆ ಹೋದ ಮೇಲೆ.

ನಗದವರು ಟೀಚರ್ ಮಗಳು ಒಬ್ಬರೇ. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮದುವೆಯ ವಯಸ್ಸು ದಾಟಿತ್ತು... ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ತಾಯಿಯ ಹಿಂದೆ ತಂಬೂರಿ ಹಿಡಿದು ಕೂರುವುದು ಅವರ ಕೆಲಸ. ಗುರುವಿನ ಹಿಂದೆ ಕೂತು ಶಿಷ್ಯರು ದನಿಗೂಡಿಸುವುದು ಎಲ್ಲ ಕಡೆ ಇರುವುದೇ. ಆದರೆ ವಯಸ್ಸಾಗುತ್ತ ಟೀಚರ್ ಗಂಟಲಿಗೆ ಮೇಲಿನ ಸ್ವರಗಳು ಎಟುಕದಾದವು. ಅಲ್ಲಿಗೆ ಬಂದಾಗ ಅವರು ಎಡಗೈ ಎತ್ತಿ ಬಾಯಿ ಮಾತ್ರ ತೆರೆಯುತ್ತಿದ್ದರು, ಸ್ವರ ಹಿಂದಿನಿಂದ ಬರುತ್ತಿತ್ತು. ತಾಯಿ ಮಗಳ ದನಿ ಒಂದೇ ಥರ. ಈ ವಯಸ್ಸಿನಲ್ಲೂ ಎಂಥ ಕಂಠ ಎಂದು ಜನ ಚಪ್ಪಾಳೆ ತಟ್ಟುವರು. ಟೀಚರ್ ಕೈಮುಗಿಯುವರು.

ಒಮ್ಮೆ ಪಾಠದ ನಡುವೆ ಮೈಸೂರಿನಿಂದ ಫೋನು ಬಂತು. ಅಕ್ಕನೊಬ್ಬರದೇ ಕಚೇರಿ ಇಡಬೇಕೆಂದು ಯಾರೋ ಕೇಳುತ್ತಿದ್ದರೆಂದು ಟೀಚರ್ ಮಾತಿನಿಂದ ತಿಳಿಯಿತು. ತಂಬೂರಿ ಶ್ರುತಿ ಮಾಡುತ್ತಿದ್ದ ಅಕ್ಕ ಕೈ ನಿಲ್ಲಿಸಿದರು. ಅವರ ಮುಖ ಕೆಂಪಾದದ್ದು ನಮಗೆಲ್ಲ ಕಂಡಿತು.

"ಅವಳಿಗೆ ಎಂತ ಬರ್ತದೆ? ಕೂಗು ಅಂದ್ರೆ ಕೂಗ್ತಾಳೆ, ಅಷ್ಟೆ," ಎಂದರು ಟೀಚರ್ ಫೋನಿನಲ್ಲಿ, ನಮ್ಮ ಕಡೆ ನೋಡಿ ನಗುತ್ತ.

ಅಕ್ಕ ತಂತಿ ಬಿಗಿದು ಮುಗಿಸಿದರು. ಪಾಠ ಮುಂದುವರಿಯಿತು.

ಮುಂದಿನ ತಿಂಗಳು ಊರಿನವರು ಟೀಚರಿಗೆ ಸನ್ಮಾನ ಇಟ್ಟುಕೊಂಡರು. ಶಾಲು, ಹಾರ, ಭಾಷಣಗಳಾದ ಮೇಲೆ ಅವರದೇ ಕಚೇರಿ. ರಾಗವನ್ನು ಬೆಳೆಸಿ ಬೆಳೆಸಿ ಮೇಲಿನ ಷಡ್ಜದ ಹತ್ತಿರ ತಂದು ಎಡಗೈ ಎತ್ತಿದರು, ಬಾಯಿ ತೆರೆದರು. ಏನೂ ಬರಲಿಲ್ಲ. ಅಕ್ಕ ತಂಬೂರಿ ಮೀಟುತ್ತ ನೆಲ ನೋಡುತ್ತಿದ್ದರು. ಪಿಟೀಲಿನವರು, ಪಾಪ, ಮಾನ ಮುಚ್ಚಲು ಆ ಸ್ವರ ನುಡಿಸಿದರು. ಟೀಚರ್ ಮತ್ತೆ ಕೈ ಎತ್ತಿದರು. ಮತ್ತೆ ಬರೀ ತಂಬೂರಿ. ಹಟಕ್ಕೆ ಬಿದ್ದು ತಾವೇ ಹಾಡಹೋದರು, ದನಿ ಸೀಳಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಂಗಳ ಹಾಡದೆ ಏಳುವಂತಿಲ್ಲವಲ್ಲ, ಅದನ್ನು ತಗ್ಗಿದ ದನಿಯಲ್ಲಿ ಒಬ್ಬರೇ ಹಾಡಿ ಮುಗಿಸಿದರು. ನನಗೆ ಖುಷಿಯಾಯಿತೆ? ಆಯಿತು. ಮಂಗ ಓಡಿಸುವವಳಿಗೆ ಆಗದಿರುತ್ತದೆಯೆ?

ಆದರೆ ಟೀಚರ್ ಬುದ್ಧಿ ನಮ್ಮೆಲ್ಲರಿಗಿಂತ ಚುರುಕು. ವೇದಿಕೆ ಇಳಿಯುವ ಮೊದಲೇ ಮೈಕ್ ಹಿಡಿದರು.

"ಮಗಳ ಗಂಟಲು ಪೂರ್ತಿ ಹೋಗಿದೆ. ಅದೇ ಸಂಕಟದಲ್ಲಿ ನನಗೂ ಹಾಡ್ಲಿಕ್ಕೆ ಆಗ್ಲಿಲ್ಲ. ಕ್ಷಮಿಸಬೇಕು."

ಜನ ಅಯ್ಯೋ ಪಾಪ ಎಂದರು. ಅಕ್ಕ ಏನು ಹೇಳಿಯಾರು? ಗಂಟಲು ಸರಿಯಿದೆ ಎಂದರೆ, ಹೆತ್ತವಳ ಮಾನವನ್ನು ಬೇಕೆಂದೇ ಕಳೆದೆ ಎಂದು ಒಪ್ಪಿದ ಹಾಗೆ. ತಂಬೂರಿ ಎತ್ತಿಕೊಂಡು ತಾಯಿಯ ಹಿಂದೆ ವೇದಿಕೆ ಇಳಿದರು.

ಟೀಚರ್ ಮತ್ತೆ ವೇದಿಕೆ ಹತ್ತಲಿಲ್ಲ, ಆ ಸುಳ್ಳನ್ನೂ ಬಿಡಲಿಲ್ಲ. ಮೈಸೂರಿನವರಿಗೆ ತಾವೇ ಫೋನು ಮಾಡಿ ತಿಳಿಸಿದರು. ಮನೆಗೆ ಯಾರೇ ಬರಲಿ, ಅವರೆದುರು ಮಗಳಿಗೆ ಲೋಟದ ತುಂಬ ಮೆಣಸಿನ ಕಷಾಯ ತಂದುಕೊಟ್ಟು, ಕುಡಿದು ಮುಗಿಸುವವರೆಗೂ ನಿಂತಿರುವರು. ಜೋರಾಗಿ ಮಾತಾಡಬೇಡ ಎಂದು ಬೆನ್ನು ಸವರುವರು. ಪ್ರೀತಿಯೋ, ಹಗೆಯೋ... ನೋಡಿದವರಿಗೆ ಪ್ರೀತಿಯೇ. ರಸ್ತೆಗೆ ಅಂಟಿದ ಮನೆ, ಅಕ್ಕ ಬಾಯಿಬಿಟ್ಟು ಹಾಡಿದರೆ ಊರಿಗೇ ಕೇಳಿಸುತ್ತದೆ, ಅವತ್ತು ಬೇಕೆಂದೇ ಹಾಡದಿದ್ದದ್ದು ಬಯಲಾಗುತ್ತದೆ. ಬಿಟ್ಟು ಹೋಗಲು ಬೇರೆ ದಿಕ್ಕಿಲ್ಲ. ಹಾಗೆ ಎಷ್ಟೋ ವರ್ಷ ಅವರು ಹಾಡಲೇ ಇಲ್ಲ.

ಟೀಚರ್ ತೀರಿಕೊಂಡು ಈಗ ವರ್ಷವಾಯಿತು. ನೆಗಡಿ ಇಳಿದ ಮೇಲೆ ಬಸ್ಸು ಹತ್ತಿ ಅಕ್ಕನನ್ನು ನೋಡಲು ಹೋದೆ. ತಲೆ ಪೂರ್ತಿ ಬೆಳ್ಳಗಾಗಿದೆ. ಇನ್ನು ಯಾರ ಹೆದರಿಕೆ, ಹಾಡಿ ಅಕ್ಕ ಎಂದು ಪೀಡಿಸಿದೆ. ಬೇಡ ಬೇಡವೆನ್ನುತ್ತಲೇ ಕೊನೆಗೆ ತಂಬೂರಿ ತೆಗೆದರು. ಕೆಳಗಿನ ಸ್ವರಗಳು ಹೇಗೋ ಬಂದವು. ಪಂಚಮ ದಾಟಿದ್ದೇ ದನಿ ಸೀಳಿತು. ಇನ್ನೊಮ್ಮೆ ಹಿಡಿದು ನೋಡಿದರು. ಆಮೇಲೆ ತಂಬೂರಿ ಮಲಗಿಸಿ ನಕ್ಕರು.

"ಅಮ್ಮ ಸುಳ್ಳು ಹೇಳ್ಲಿಲ್ಲ ನೋಡು."

ಟೀಚರ್ ಹೋದ ಸುದ್ದಿ ಕೇಳಿದಾಗ ನನಗೆ ಅಳು ಬಂದಿರಲಿಲ್ಲ. ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಅತ್ತೆ. ಅಕ್ಕನಿಗೆ ಅಂಥ ದನಿ ಇತ್ತೆಂದು ಬಲ್ಲವರಲ್ಲಿ ಈಗ ಉಳಿದಿರುವುದು ನಾವು ನಾಲ್ಕಾರು ಜನ ಶಿಷ್ಯರು ಮಾತ್ರ. ನಾವು ಹೇಳಿದರೆ ಯಾರೂ ನಂಬುವುದಿಲ್ಲ.