ಕೊನೆಯ ಸುತ್ತನ್ನು ಒಪ್ಪದ ಅಕ್ಕ

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಪಕ್ಕದ ಮೇಜಿನವರು ಡಬ್ಬಿ ಬಿಚ್ಚಿದರು. ಆಗಷ್ಟೇ ಕುಟ್ಟಿದ ಅಗಸಿ ಹಿಂಡಿಯ, ಅಂದರೆ ಚಟ್ನಿಪುಡಿಯ ವಾಸನೆ, ಅದರೊಳಗೆ ಬೆಳ್ಳುಳ್ಳಿಯ ಘಾಟು... "ತಗೋರಿ ಮೇಡಂ" ಎಂದು ಅವರು ಡಬ್ಬಿ ಚಾಚಿದರೂ ನನ್ನ ಕೈ ಮುಂದೆ ಹೋಗಲಿಲ್ಲ. ಮನಸ್ಸು ಕೊಪ್ಪಳ ಬಿಟ್ಟು ಕುಷ್ಟಗಿಗೆ ಹೋಗಿಬಿಟ್ಟಿತ್ತು. ಅಕ್ಕನ ಖಾನಾವಳಿಯ ಬೆಂಚಿನ ಮೇಲೆ ಕೂತಿದ್ದೆ, ಎದುರಿನ ಟಿವಿಯಲ್ಲಿ ರೇಸಿನ ಕಾರುಗಳು ಓಡುತ್ತಿದ್ದವು.

ಕುಷ್ಟಗಿ ನನ್ನ ಮೊದಲ ನೌಕರಿಯ ಊರು. ಖಾನಾವಳಿಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಅದನ್ನು ನಡೆಸುವಾಕೆಯನ್ನು ಓಣಿಯವರೆಲ್ಲ ಅಕ್ಕ ಅನ್ನುತ್ತಿದ್ದರು, ನಾನೂ ಅಂದೆ. ಗಂಡ ತೀರಿಕೊಂಡ ಮೇಲೆ ಆತನ ಮೂರು ಗಾಲಿಯ ಟಂಟಂ ಗಾಡಿಯನ್ನು ಆಕೆ ಮಾರಲಿಲ್ಲ, ತಾನೇ ಓಡಿಸಲು ಕಲಿತಳು. ಸೆರಗು ಸೊಂಟಕ್ಕೆ ಸಿಗಿಸಿ, ಕಾಯಿಪಲ್ಯದ ಚೀಲ ಹೇರಿಕೊಂಡು ಬರುವಾಕೆಯನ್ನು ನೋಡಿ ಮೊದಮೊದಲು ಬಸ್ ಸ್ಟ್ಯಾಂಡಿನ ಗಂಡಸರು ನಕ್ಕರಂತೆ. ಅಕ್ಕ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ನಗುವುದು ಬಿಟ್ಟು ದಾರಿ ಬಿಡುವುದನ್ನು ಅವರೇ ಕಲಿತರು.

ಆಕೆಗೆ ಕಾರ್ ರೇಸಿನ ಹುಚ್ಚು ಹತ್ತಿಸಿದ್ದು ಭಾನುವಾರ ಊಟಕ್ಕೆ ಬರುತ್ತಿದ್ದ ಕಾಲೇಜು ಹುಡುಗರು. ಟಿವಿಯಲ್ಲಿ, ಮಳೆ ಸುರಿಯುವ ಟ್ರ್ಯಾಕಿನ ಮೇಲೆ ಒಬ್ಬ ಡ್ರೈವರ್ ಜಾರುತ್ತಿದ್ದ ಕಾರನ್ನು ಹಿಡಿದು ನಿಲ್ಲಿಸಿದ್ದನ್ನು ಕಂಡು ಅಕ್ಕ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳಂತೆ. "ಇಂವ ನಮ್ಮಾಂವ" ಅಂದಳು. ಅಲ್ಲಿಂದ ಅವನು ಆಕೆಯ ಮನೆಯವನಾದ. ಅವನು ಸೋತ ವಾರ ಪಲ್ಯಕ್ಕೆ ಖಾರ ಜಾಸ್ತಿ ಬೀಳುತ್ತಿತ್ತು.

ಆ ವರ್ಷದ ಕೊನೆಯ ರೇಸ್. ಗೆದ್ದವನೇ ಚಾಂಪಿಯನ್. ಸಂಜೆ ಖಾನಾವಳಿಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಅಕ್ಕನ ಡ್ರೈವರ್ ಮೊದಲಿನಿಂದಲೂ ಮುಂದಿದ್ದ, ಪಟ್ಟಕ್ಕೆ ಅವನ ಜೊತೆ ಪೈಪೋಟಿಗಿದ್ದವನು ಎರಡನೆಯವನಾಗಿ ಹಿಂದಿದ್ದ. ಮುಗಿಯುವ ಹೊತ್ತಿಗೆ ಹಿಂದೆಲ್ಲೋ ಒಂದು ಕಾರು ಗೋಡೆಗೆ ಬಡಿಯಿತು, ಎಲ್ಲರೂ ಸಾಲಾಗಿ ನಿಧಾನ ಹೋಗಬೇಕಾಯಿತು. ಇಂಥ ಹೊತ್ತಿನಲ್ಲಿ ಸಾಲಿನ ನಡುವೆ ಸಿಕ್ಕಿಕೊಂಡ, ಒಂದು ಸುತ್ತು ಹಿಂದುಳಿದ ಕಾರುಗಳನ್ನು ಮುಂದೆ ಬಿಡುವುದಾದರೆ ಎಲ್ಲವನ್ನೂ ಬಿಡಬೇಕು, ಆಮೇಲೆ ಮತ್ತೆ ರೇಸ್ ಶುರು ಮಾಡಬೇಕು; ನಮಗೆ ಗೊತ್ತಿದ್ದ ನಿಯಮ ಅದು. ಅವತ್ತು ರೇಸ್ ನಡೆಸುವವರು ಆ ಇಬ್ಬರ ನಡುವಿನ ಕಾರುಗಳನ್ನಷ್ಟೇ ಸರಿಸಿ, ಕೊನೆಯ ಸುತ್ತಿಗೆ ಹಸಿರು ದೀಪ ಹಾಕಿಬಿಟ್ಟರು. ಹಿಂದಿನವನು ಆಗಷ್ಟೇ ಬದಲಿಸಿದ ಗಾಲಿ ಹೊಸವು, ಮುಂದಿನವನವು ಸವೆದವು... ಅರ್ಧ ಸುತ್ತಿನೊಳಗೆ ಹಿಂದಿನವನು ದಾಟಿ ಹೋದ, ಎಲ್ಲ ಮುಗಿದುಹೋಯಿತು.

ಅರ್ಧ ಖಾನಾವಳಿ ಕುಣಿಯಿತು, ಉಳಿದರ್ಧ ತಲೆಯ ಮೇಲೆ ಕೈ ಹೊತ್ತು ನಿಂತಿತು. ಗೆದ್ದವನ ಕಡೆಯವರಿಗೆ ಮುಂದಾಳು ಗೊಬ್ಬರದಂಗಡಿ ಸಾಹುಕಾರ. ತನ್ನ ಅಂಗಡಿಯ ಹಮಾಲರಿಗೆ ದಿನಾ ಇಲ್ಲಿಂದಲೇ ಊಟ ತರಿಸುತ್ತಿದ್ದ ದೊಡ್ಡ ಗಿರಾಕಿ. ಆತ ಪೇಢೆಯ ಡಬ್ಬಿ ತರಿಸಿ ಹಂಚಲು ಎದ್ದ. ಅಕ್ಕ ಹಿಟ್ಟಿನ ಕೈಯಲ್ಲೇ ಅಡ್ಡ ಬಂದು ನಿಂತಳು.

"ಹಂಚೂದಿದ್ರ ಹೊರಗ ಹಂಚ್ರಿ ಸಾಹುಕಾರ್ರ. ನನ್ನ ಖಾನಾವಳ್ಯಾಗ ಬ್ಯಾಡ."

"ಆಟದಾಗ ಸೋಲು ಗೆಲುವು ಇದ್ದದ್ದ ಅಲ್ಲೇನವಾ?"

"ಸೋತಿದ್ರ ನಾನ ಪೇಢೆ ನಿಮ್ಮ ಬಾಯಿಗಿಡತಿದ್ದೆ. ಇದು ಸೋಲಲ್ಲ. ನಡುವ ನಿಯಮ ಮುರದು ಸೋಲಿಸ್ಯಾರ."

ಸಾಹುಕಾರ ಡಬ್ಬಿ ಹಿಡಿದು ಹೊರಗೆ ಹೋದ. ಮರುದಿನದಿಂದ ಹಮಾಲರ ಊಟವೂ ಬೇರೆ ಕಡೆ ಹೋಯಿತು. "ಸಾವಿರಾರು ಮೈಲಿ ದೂರದ ರೇಸಿಗೆ ಗಿರಾಕಿ ಕಳ್ಕೊಂಡ್ಯಲ್ಲ" ಎಂದು ನಾನೂ ಹೇಳಿ ನೋಡಿದೆ. ಅಕ್ಕ ಸೀಮೆಸುಣ್ಣ ಕೈಗೆತ್ತಿಕೊಂಡಳು. ಇವತ್ತಿನ ಪಲ್ಯ ಯಾವುದೆಂದು ಬರೆಯುವ ಹೊರಗಿನ ಹಲಗೆಯ ಮೇಲೆ, ಬದನೆಕಾಯಿ ಮತ್ತು ಹೆಸರುಕಾಳಿನ ಕೆಳಗೆ, 'ಈ ವರ್ಷದ ಚಾಂಪಿಯನ್ ನಮ್ಮಾಂವ' ಎಂದು ಬರೆದಳು. ದಿನಾ ಪಲ್ಯ ಬದಲಾದರೂ ಆ ಸಾಲು ಬದಲಾಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯಲ್ಲಿ ಟ್ರ್ಯಾಕ್ಟರ್ ಸ್ಪರ್ಧೆ ಇಟ್ಟರು. ಎರಡೂ ಬದಿಗೆ ಗೂಟ ನೆಟ್ಟ ದಾರಿಯಲ್ಲಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸಬೇಕು. ಬೇಗ ಮುಗಿಸಿದವನಿಗೆ ಗೆಲುವು, ಗೂಟ ಬಿದ್ದರೆ ಔಟ್. ಮಂಗಳೂರು ಅಕ್ಕನ ತವರು, ಆಕೆಯ ತಮ್ಮನೂ ಸ್ಪರ್ಧೆಯಲ್ಲಿದ್ದ. ನನ್ನನ್ನೂ ಟಂಟಂನಲ್ಲಿ ಕೂಡಿಸಿಕೊಂಡು ಹೋದಳು. ಗೆದ್ದವನಿಗೆ ಬಹುಮಾನದ ಢಾಲು ಕೊಡಿಸಿದ್ದು ಅದೇ ಸಾಹುಕಾರ. ವೇದಿಕೆಯ ಮೇಲೆ, ತೀರ್ಪು ಕೊಡುವ ಪಂಚರ ಪಕ್ಕದಲ್ಲೇ ಕೂತಿದ್ದ.

ಗಂಗಾವತಿ ಕಡೆಯಿಂದ ಬಂದ ಒಬ್ಬಾತ ಒಂದೂ ಗೂಟ ಅಲುಗದಂತೆ ಮುಗಿಸಿದ. ಅಕ್ಕನ ತಮ್ಮ ಅವನಿಗಿಂತ ಬೇಗ ಬಂದ, ಆದರೆ ಕೊನೆಯ ತಿರುವಿನಲ್ಲಿ ಒಂದು ಗೂಟ ಬಿತ್ತು. ಪಂಚರು ತಲೆಗೆ ತಲೆ ಕೂಡಿಸಿ ಮಾತಾಡಿದರು. ಕೊನೆಯ ಗೂಟ ಲೆಕ್ಕಕ್ಕಿಲ್ಲ ಎಂದು ಮೈಕಿನಲ್ಲಿ ಸಾರಿ, ಊರಿನ ಹುಡುಗನೇ ಗೆದ್ದ ಅಂದರು. ಹಲಗಿ ವಾದ್ಯ ಮೊಳಗತೊಡಗಿತು, ಗುಲಾಲು ಹಾರಿತು.

ಪಕ್ಕದಲ್ಲಿ ನೋಡಿದರೆ ಅಕ್ಕ ಇಲ್ಲ. ವೇದಿಕೆ ಹತ್ತಿ ಮೈಕ್ ಹಿಡಿದಿದ್ದಳು. "ನನ್ನ ತಮ್ಮ ಗೆದ್ದಿಲ್ರಿ. ಗೂಟ ಬಿದ್ದೈತಿ. ನಾನ ಕಣ್ಣಾರೆ ನೋಡೀನಿ."

ಹಲಗಿ ನಿಂತಿತು. ಸಾಹುಕಾರ ಬಾಗಿ, "ನಿಮ್ಮ ಮನಿಗೇ ಬಂದದ್ದನ್ನ ಯಾಕ ಬ್ಯಾಡಂತಿ?" ಎಂದು ಕೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. "ಟಿವಿ ಮುಂದ ಕುಂತು ಅಷ್ಟು ಬೈದಾಕಿ, ಇಲ್ಲೆ ಬಾಯಿ ಮುಚ್ಚಿಕೊಂಡ್ರ ನಾನೂ ಅವರಂಥಾಕಿನ ಆದೆ" ಅಂದಳು.

ಪಂಚರು ನಿರ್ಣಯ ಬದಲಿಸಲಿಲ್ಲ. ಢಾಲು ತಮ್ಮನಿಗೇ ಹೋಯಿತು. ಅಕ್ಕ ಗುಂಪು ಸೀಳಿಕೊಂಡು ಹೋಗಿ ಗಂಗಾವತಿಯವನಿಗೆ ಕೈ ಮುಗಿದು, "ಗೆದ್ದಾಂವ ನೀನಪ್ಪಾ" ಅಂದಳು. ತಮ್ಮ ಮುಖ ತಿರುಗಿಸಿದ. 

ಆ ವರ್ಷ ನಾಗರಪಂಚಮಿಗೆ ತಮ್ಮ ಕರೆಯಲು ಬರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಅಣ್ಣ ತಮ್ಮಂದಿರ ಜೊತೆ ತವರಿಗೆ ಹೋದರು. ಅಕ್ಕ ಹಬ್ಬದ ಹಿಂದಿನ ದಿನದವರೆಗೂ ಬಾಗಿಲು ನೋಡಿದಳು, ಅದನ್ನು ನಾನು ಕಂಡಿದ್ದೇನೆ. ಹಬ್ಬದ ದಿನ ಹೊಸ ಸೀರೆ ಉಟ್ಟು, ಶೇಂಗಾ ಉಂಡಿಯ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಟಂಟಂ ಸ್ಟಾರ್ಟ್ ಮಾಡಿದಳು. "ಅಂವ ಕರದ್ರಷ್ಟ ತವರೇನು? ನನಗ ದಾರಿ ಗೊತ್ತಿಲ್ಲನು?"

ಮೂರನೇ ದಿನ ಬಂದು ಆಕೆಯೇ ಹೇಳಿದಳು. ತಮ್ಮ ಬಾಗಿಲಿಗೆ ಅಡ್ಡ ನಿಂತಿದ್ದನಂತೆ. ಆಮೇಲೆ ಆಕೆಯ ಕೈಯೊಳಗಿನ ಡಬ್ಬಿ ಈಸಿಕೊಂಡು, "ಗೂಟ ಬಡದದ್ದು ಸ್ಟೇರಿಂಗ್ ಮ್ಯಾಲ ನನಗೂ ಗೊತ್ತಾಗಿತ್ತವಾ" ಅಂದನಂತೆ. ಹೇಳುವಾಗ ಅಕ್ಕ ನಗುತ್ತಲೇ ಇದ್ದಳು, ಕಣ್ಣು ಮಾತ್ರ...

ಆಮೇಲೆ ನನಗೆ ಕೊಪ್ಪಳಕ್ಕೆ ವರ್ಗವಾಯಿತು, ಮದುವೆಯಾಯಿತು. ಅಕ್ಕ ಎದೆನೋವಿನಿಂದ ಹೋದಳೆಂಬ ಸುದ್ದಿ ನನ್ನ ಕಿವಿಗೆ ಬೀಳುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಮುಖ ನೋಡಲಾಗಲಿಲ್ಲ. ಖಾನಾವಳಿಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ನಾನು ಇಂದಿಗೂ ರೇಸ್ ನೋಡುತ್ತೇನೆ. ಹೋದ ಭಾನುವಾರ ಮನೆಗೆ ಬಂದ ನೆಂಟರೊಬ್ಬರು ಆ ಹಳೆಯ ಚಾಂಪಿಯನ್‌ಶಿಪ್ಪಿನ ಮಾತು ತೆಗೆದು, "ಆಗಿ ಹೋದದ್ದು, ಈಗ್ಯಾಕ ಅದು?" ಅಂದರು. ನನ್ನ ದನಿ ಅಡುಗೆಮನೆಯವರೆಗೂ ಕೇಳುವಂತೆ ಏರಿತು. ನನ್ನ ಯಜಮಾನರು ಗಾಬರಿಯಿಂದ ಹೊರಗೆ ಬಂದು, "ಯಾಕ ಇಷ್ಟು ಜೋರ?" ಎಂದು ಕೇಳಿದರು.

ಅಕ್ಕ ಇದ್ದಿದ್ದರೆ ನನಗಿಂತ ಜೋರಾಗಿ ಕೂಗುತ್ತಿದ್ದಳು. ಈಗ ಆಕೆಯ ಪಾಲಿನದ್ದನ್ನೂ ನಾನೇ ಕೂಗಬೇಕು.