ಒಂದು ಮೊರ ತೌಡಿನ ಹೆಸರು

ಹುಟ್ಟಿದ ವಾರದಲ್ಲೇ ನನ್ನನ್ನು ಒಂದು ಮೊರ ತೌಡಿಗೆ ಮಾರಿದ್ದರು. ನಗಬೇಡಿ, ನನ್ನ ಹೆಸರೇ ಸಾಕ್ಷಿ: ತೌಡವ್ವ. ಮುಂಬೈಯ ಭಾಂಡುಪಿನ ನಮ್ಮ ಬಿಲ್ಡಿಂಗಿನಲ್ಲಿ ಈ ಹೆಸರನ್ನು ಒಂದೇ ಸಲಕ್ಕೆ ಸರಿಯಾಗಿ ಹೇಳಿದವರನ್ನು ನಾನು ಕಂಡಿಲ್ಲ. ಜೋಳದ ರೊಟ್ಟಿ ಒಯ್ಯಲು ಬರುವವರಿಗೆಲ್ಲ ನಾನು ರೊಟ್ಟಿವಾಲಿ ಆಯಿ.

ಇಷ್ಟು ವರ್ಷ ಯಾರೂ ಅರ್ಥ ಕೇಳಿರಲಿಲ್ಲ. ಕೇಳಿದವಳು ಸೊಸೆ ಮನೀಷಾ, ಮರಾಠಿ ಹುಡುಗಿ. ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಆಗಷ್ಟೇ ಮನೆಗೆ ಬಂದಿದ್ದಳು. ಹಿಂದಿನ ಕೂಸು ಉಳಿದಿರಲಿಲ್ಲ. ಹೀಗಾಗಿ ಹೆಸರಿಡುವ ಮಾತೆತ್ತಲೂ ನಮಗೆ ಭಯ.

"ಆಯೀ, ನಿಮ್ದು ನಾಮ್ ಕಾ ಮತ್ಲಬ್ ಕ್ಯಾ ಹೈ?" ಅಂದಳು.

ಹೇಳಿದೆ. ನನಗಿಂತ ಮೊದಲು ಹುಟ್ಟಿದವರು ಯಾರೂ ಬದುಕಲಿಲ್ಲವಂತೆ. ಅದಕ್ಕೆ ಅವ್ವ ನನ್ನನ್ನು ಪಕ್ಕದ ಮನೆಯಾಕೆಗೆ ಕೊಟ್ಟು, ಬದಲಿಗೆ ತೌಡು ಇಸಿದುಕೊಂಡಳು. ದನ ತಿನ್ನುವ ತೌಡಿಗೆ ಸಿಕ್ಕ ಕೂಸು, ಅಂಥದರ ಮೇಲೆ ಸಾವು ಯಾಕೆ ಕಣ್ಣು ಹಾಕೀತು? ಆಮೇಲೆ ಪರರ ಕೂಸನ್ನು ಸಾಕುವವಳ ಹಾಗೆ ಅವ್ವನೇ ಹಾಲೂಡಿಸಿದಳು.

ಸೊಸೆ ನಗುತ್ತಾಳೆ ಅಂದುಕೊಂಡೆ. ಅವಳ ಕಣ್ಣರಳಿತು. "ಅಗ ಬಾಯಿ! ನಮ್ದು ಪಣಜಿ ಕೋಂಡಾಬಾಯಿ ಇತ್ತು. ಕೋಂಡಾ ಮ್ಹಣಜೆ ತೌಡೇ!" ಪಣಜಿ ಅಂದರೆ ಮುತ್ತಜ್ಜಿ. ಆಕೆಯ ಸಾತಾರಾದಲ್ಲೂ ಇದೇ ವ್ಯಾಪಾರ ನಡೆದಿತ್ತು ನೋಡಿ. ಸಾವಿಗೆ ಮೋಸ ಮಾಡಲು ಎರಡು ಭಾಷೆಯ ತಾಯಂದಿರು ಒಂದೇ ಅಂಗಡಿಗೆ ಹೋಗಿದ್ದರು.

"ನಾವೂ ಮಾರೋಣ," ಎಂದು ಹಟ ಹಿಡಿದವಳು ಅವಳೇ. ಕೊಳ್ಳಲು ಬಂದವಳು ಎದುರು ಮನೆಯ ಜಲಜಕ್ಕ, ಉಡುಪಿ ಕಡೆಯವಳು. ಸಕ್ಕರೆ ಕಾಯಿಲೆಗೆಂದು ತಾನು ತಿನ್ನುವ ತೌಡಿನ ಚೆಂದದ ಪ್ಯಾಕೆಟ್ಟನ್ನೇ ಮೊರದಲ್ಲಿ ಸುರಿದಳು. "ಇದು ಗೋಧಿಹಿಟ್ಟಿಗಿಂತ ರೇಟು ಜಾಸ್ತಿ ಮಾರಾಯ್ತಿ! ನಿಮ್ಮ ಮಗು ನಂಗೆ ತುಟ್ಟಿಯಾಯ್ತು."

ಸರ್ಟಿಫಿಕೇಟಿನಲ್ಲಿ ಕೂಸು ಓವಿ. ತೊಟ್ಟಿಲಿನಲ್ಲಿ ತೌಡಿ.

ಈಗ ಅದರ ಕೆನ್ನೆ ತುಂಬಿಕೊಂಡಿದೆ. ಯಾರಾದರೂ "ಕಿತೀ ಗೋಡ್, ಎಷ್ಟು ಮುದ್ದು! ಯಾರ ಮಗು?" ಎಂದರೆ, "ಜಲಜಕ್ಕಂದರೀ, ನಾವು ಬರೇ ಸಾಕಾಕತ್ತೀವಿ" ಎನ್ನಬೇಕು. ಎನ್ನುತ್ತೇನೆ. ನನ್ನ ಮುಖದ ಮೇಲಿನ ನಗು ನೋಡಿ ಒಬ್ಬರೂ ನಂಬುವುದಿಲ್ಲ.

ನನ್ನವ್ವ ನಾಲ್ಕು ಮಂದಿಯ ಎದುರು ಒಂದು ದಿನವೂ ನನ್ನನ್ನು ಮಗಳೆಂದು ಕರೆಯಲಿಲ್ಲ. ಅದಕ್ಕೆ ಮುನಿಸಿಕೊಂಡೇ ಬೆಳೆದವಳು ನಾನು. ಅಷ್ಟು ವರ್ಷ ಈ ನಗುವನ್ನು ಅವಳು ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ! ನನ್ನಿಂದ ಒಂದು ತಾಸೂ ಆಗುತ್ತಿಲ್ಲ.