ಉಯಿಲಿನ ಎರಡನೆಯ ಪುಟ
ಕನೆಕ್ಟಿಕಟ್‌ನ ನಮ್ಮ ವಂಶಸ್ಥರ ಸಂಘಕ್ಕೆ ಸೇರಬೇಕಾದರೆ, ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಕಾದಿದ ಪೂರ್ವಜನೊಬ್ಬನನ್ನು ಕಾಗದದಲ್ಲಿ ತೋರಿಸಿ ಕಾರ್ಯದರ್ಶಿ ಲವಿನಿಯಾ ಪೆಲ್ಟನ್ನರನ್ನು ಒಪ್ಪಿಸಬೇಕು. "ದಾಖಲೆ ಇಲ್ವಾ? ಹಾಗಾದ್ರೆ ನಿಮ್ಮ ಮುತ್ತಜ್ಜಿ ಹುಟ್ಟೇ ಇಲ್ಲ ಬಿಡಿ!" ಎಂದು ಗದರುವ ಈಕೆ ಸ್ವಂತ ಗಂಡನ ಸಮಾಧಿಯ ತಾರೀಖನ್ನೂ ಭೂತಗನ್ನಡಿ ಹಿಡಿದು ತಾಳೆ ನೋಡಿದವರು. ತಮ್ಮ ಪೂರ್ವಜ ಕ್ಯಾಪ್ಟನ್ ಎಲ್ನೇಥನ್‌ನ ಉಯಿಲಿನ ಮೊದಲ ಪುಟಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ನಿನ್ನೆ ಅರ್ಜಿ ತಂದ ಕಪ್ಪುವರ್ಣದ ಒಡೆಸ್ಸಾ ಅದೇ ಉಯಿಲಿನ ಎರಡನೆಯ ಪುಟವನ್ನು ಮುಂದಿಟ್ಟರು: 'ತವರದ ತಟ್ಟೆ ಆರು, ಹಸು ಎರಡು, ನನಗೇ ಹುಟ್ಟಿದ ಗುಲಾಮ ಹುಡುಗಿ ಡೈನಾ.' "ಡೈನಾ ನಮ್ಮಜ್ಜಿಯ ಅಜ್ಜಿಯ ಅಜ್ಜಿ, ಮೇಡಂ." ಭೂತಗನ್ನಡಿ ಆ ಸಾಲಿನ ಮೇಲೆ ಮೂರು ಸಲ ಓಡಾಡಿತು. ಬಿಳಿಚಿಕೊಂಡ ಲವಿನಿಯಾ ಎದ್ದು, ಗೋಡೆಯ ಚೌಕಟ್ಟನ್ನು ಇಳಿಸಿ ಒಡೆಸ್ಸಾರ ಕೈಗಿಟ್ಟರು: "ತಗೋಮ್ಮ, ನಿನ್ನ ಅರ್ಜಿಗೆ ಮೊದಲ್ನೇ ಪುಟಾನೂ ಬೇಕಾಗುತ್ತೆ."